ನಮ್ಮ ಬೇಸಿಗೆ ರಜೆಗೂ ಆಲ್ಪ್ಸ್‌ನ ಬೇಸಿಗೆಗೂ ತಾಳೆ ಇಲ್ಲ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಕಳೆಯುವುದೇ ತಡ, ಪತ್ರಿಕೆಗಳಲ್ಲಿ ವಿದೇಶ ಪ್ರವಾಸದ ಜಾಹೀರಾತು ಶುರುವಾಗುತ್ತದೆ. ಏಪ್ರಿಲ್, ಮೇ ರಜೆಗೆ ಸ್ವಿಟ್ಜರ್ಲೆಂಡ್, ಅಂದರೆ ಆಲ್ಪ್ಸ್ ಬೆಟ್ಟಗಳ ನಾಡು. ಹಸಿರು ಬೆಟ್ಟ, ತುಂಬಾ ಹೂವು, ಹಿಂದೆ ಬಿಳಿ ಶಿಖರ, ಮುಂದೆ ಕೊರಳಿಗೆ ಗಂಟೆ ಕಟ್ಟಿದ ಹಸು. ನಿಮ್ಮ ಪ್ರವಾಸದ ಪುಟದಲ್ಲೂ ಅದೇ ಥರದ ಚಿತ್ರ ಇರುತ್ತದೆ. ಆ ಚಿತ್ರ ಸುಳ್ಳಲ್ಲ. ಆದರೆ ಅದು ಜುಲೈ ತಿಂಗಳ ಚಿತ್ರ. ಏಪ್ರಿಲ್ ಕೊನೆಯಲ್ಲಿ ಹೋದವರಿಗೆ ಅದು ಕಾಣಿಸುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ. ಲಕ್ಷಾಂತರ ರೂಪಾಯಿ ಕೂಡಿಟ್ಟು ಜೀವನದಲ್ಲಿ ಒಂದು ಸಲ ಹೋಗುವವರ ವಿಷಯ ಇದು.

ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ಆ ಕಡೆಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ 2017ರ ಮೇ ಮೊದಲ ವಾರ, ಒಂದು ಪ್ರವಾಸ ಕಂಪನಿಯ ಜೊತೆ, ಹತ್ತು ದಿನಕ್ಕೆ ಆರು ದೇಶ. ಎರಡನೇ ಸಲ 2023ರ ಜುಲೈನಲ್ಲಿ ನಾವೇ ಯೋಚನೆ ಮಾಡಿ, ಒಂದೇ ಊರಿನಲ್ಲಿ ಮನೆ ಹಿಡಿದು ಒಂಬತ್ತು ದಿನ ಇದ್ದೆವು. ಎರಡೂ ಒಂದೇ ಜಾಗ. ಆದರೆ ಎರಡು ಬೇರೆ ಬೇರೆ ದೇಶ ನೋಡಿದ ಹಾಗಾಯಿತು.

ಮೊದಲ ಸಲ ಏನಾಯಿತು ಅಂದರೆ, ನಮ್ಮನ್ನು ಉಳಿಸಿದ್ದು ಬೆಟ್ಟದಿಂದ ಎರಡು ಗಂಟೆ ದೂರದ ಹೋಟೆಲಿನಲ್ಲಿ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಬಸ್ಸಿಗೆ ಹತ್ತಿಸಿದರು. ಯುಂಗ್‌ಫ್ರಾಯೋಖ್‌ಗೆ, ಅಂದರೆ 3454 ಮೀಟರ್ ಎತ್ತರದ ಆ ರೈಲು ನಿಲ್ದಾಣಕ್ಕೆ, ಹೋಗುವ ಟಿಕೆಟ್ಟನ್ನು ತಿಂಗಳ ಹಿಂದೆಯೇ ಅದೇ ದಿನಕ್ಕೆ ತೆಗೆದಿಟ್ಟಿದ್ದರು. ಮೇಲೆ ಹೋದರೆ ಸುತ್ತ ಮಂಜು. ಕೈ ಚಾಚಿದರೆ ಕೈ ಕಾಣದಂಥ ಮಂಜು. ಎರಡು ಗಂಟೆ ಗಾಜಿನ ಕೋಣೆಯಲ್ಲಿ ನಿಂತು, ಚಾಕೊಲೇಟ್ ಕೊಂಡು ಇಳಿದೆವು. ಕೆಳಗೆ ಇಳಿದ ಮೇಲೆ, ಹೋಗಲಿ ಹತ್ತಿರದ ಇನ್ನೊಂದು ಬೆಟ್ಟಕ್ಕಾದರೂ ಹೋಗೋಣ ಎಂದು ಕೇಳಿದರೆ, ಅಲ್ಲಿಗೆ ಹೋಗುವ ಕೇಬಲ್ ಕಾರ್ ಇನ್ನೂ ಶುರುವಾಗಿಲ್ಲ, ಮೇಲಿನ ಕಾಲುದಾರಿಗಳ ಮೇಲೆ ಹಿಮ ಇದೆ ಎಂದರು. ಗೈಡ್ ಹುಡುಗನ ತಪ್ಪಲ್ಲ ಅದು. ಆ ತಿಂಗಳು ಅಲ್ಲಿ ಹಾಗೆಯೇ.

ಅಲ್ಲಿನವರಿಗೆ ಏಪ್ರಿಲ್, ಮೇ ಎಂದರೆ ಎರಡು ಸೀಸನ್‌ಗಳ ನಡುವಿನ ಬಿಡುವು. ಸ್ಕೀಯಿಂಗ್ ಮುಗಿದಿರುತ್ತದೆ, ನಡಿಗೆ ಶುರುವಾಗಿರುವುದಿಲ್ಲ. ಅನೇಕ ಕೇಬಲ್ ಕಾರ್‌ಗಳನ್ನು ನಿಲ್ಲಿಸಿ ರಿಪೇರಿ ಮಾಡುವುದು ಆಗಲೇ. ಬೆಟ್ಟದ ಮೇಲಿನ ಊರುಗಳಲ್ಲಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್ ಥರದ ಎತ್ತರದ ಘಾಟಿ ರಸ್ತೆಗಳು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ವರೆಗೆ ತೆರೆಯುವುದಿಲ್ಲ. ದನಗಳು ಕೂಡ ಜೂನ್ ಹೊತ್ತಿಗೇ ಮೇಲಿನ ಹುಲ್ಲುಗಾವಲಿಗೆ ಹೋಗುವುದು, ಸೆಪ್ಟೆಂಬರ್‌ನಲ್ಲಿ ಹೂವಿನ ಅಲಂಕಾರ ಮಾಡಿಸಿಕೊಂಡು ಇಳಿಯುವುದು. ಹಸು ಕೂಡ ಹತ್ತದ ಬೆಟ್ಟಕ್ಕೆ ನಾವು ಟಿಕೆಟ್ ತೆಗೆದಿರುತ್ತೇವೆ, ಅಲ್ವಾ?

ಮೇ ತಿಂಗಳನ್ನು ಪೂರ್ತಿ ತೆಗೆದುಹಾಕುತ್ತಿಲ್ಲ. ಹಿಮ ಕರಗುವ ಕಾಲ ಆದ್ದರಿಂದ ಕಣಿವೆಯ ಜಲಪಾತಗಳು ಆಗ ತುಂಬಿ ಸುರಿಯುತ್ತವೆ, ಜನ ಕಡಿಮೆ, ಬಾಡಿಗೆಯೂ ಕಡಿಮೆ. ಕೆಳಗೆ ಕಣಿವೆಯಲ್ಲೇ ಇದ್ದು, ಸರೋವರದಲ್ಲಿ ದೋಣಿ ಹತ್ತಿ, ಹಳೇ ಊರು ನೋಡಿ ಬರುತ್ತೇವೆ ಎನ್ನುವವರಿಗೆ ಮೇ ಚೆನ್ನಾಗಿಯೇ ಇದೆ. ಆದರೆ ಜಾಹೀರಾತಿನ ಆ ಬೆಟ್ಟದ ಮೇಲೆ ನಡೆಯಬೇಕು ಎಂದಿದ್ದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೋಗಬೇಕು.

ಶಾಲೆಗೆ ಹೋಗುವ ಮಕ್ಕಳಿದ್ದವರು ಏನು ಮಾಡಬೇಕು? ಶಿಕ್ಷಕಿಯಾಗಿ ಜುಲೈನಲ್ಲಿ ಶಾಲೆ ತಪ್ಪಿಸಿ ಎಂದು ನಾನು ಹೇಳಲಾರೆ. ಅವರಿಗೆ ದಸರಾ ರಜೆ ಇದೆ. ಅಕ್ಟೋಬರ್ ಮೊದಲ ಎರಡು ವಾರ ಅಲ್ಲಿ ಬಹಳಷ್ಟು ಬೆಟ್ಟದ ರೈಲುಗಳು ಇನ್ನೂ ಓಡುತ್ತಿರುತ್ತವೆ. ಗಾಳಿ ತಿಳಿಯಾಗಿರುತ್ತದೆ, ಮರಗಳು ಹಳದಿ ತಿರುಗಿರುತ್ತವೆ. ಹಗಲು ಚಿಕ್ಕದು, ಚಳಿ ಜಾಸ್ತಿ, ಅಷ್ಟೇ. ಮೈಸೂರಿನವಳಾಗಿ ದಸರಾ ಬಿಟ್ಟು ಹೋಗಿ ಎನ್ನುವುದು ನನಗೂ ಕಷ್ಟ. ಆದರೂ ಮೇ ತಿಂಗಳ ಮಂಜಿಗಿಂತ ಅದು ಮೇಲು. ನಮ್ಮ ಹಾಗೆ ನಿವೃತ್ತರಾದವರಿಗೆ, ಹೊಸದಾಗಿ ಮದುವೆಯಾದವರಿಗೆ, ಪುಟ್ಟ ಮಕ್ಕಳಿರುವವರಿಗೆ ರಜೆಯ ಹಂಗೇ ಇಲ್ಲ. ನಮ್ಮ ಮೊಮ್ಮಗಳಿಗೆ ಆಗ ಐದು ವರ್ಷ, ಇನ್ನೂ ಯುಕೆಜಿ. ಅವಳು ಒಂದನೇ ಕ್ಲಾಸಿಗೆ ಸೇರುವ ಮುಂಚೆ ಎಂದೇ ಜುಲೈ ಇಟ್ಟುಕೊಂಡೆವು.

ಇನ್ನು ಎಲ್ಲಿ ಇರಬೇಕು ಎನ್ನುವುದು. ನನ್ನ ಪ್ರಕಾರ ಪ್ರವಾಸದ ಅರ್ಧ ಸುಖ ಇದರಲ್ಲೇ ಇದೆ. ಆಲ್ಪ್ಸ್ ಎಂಟು ದೇಶಗಳಲ್ಲಿ ಹಬ್ಬಿದೆ, ಎಲ್ಲವನ್ನೂ ನೋಡುತ್ತೇನೆ ಎಂದು ಹೊರಡಲೇಬಾರದು. ಒಂದು ಕಣಿವೆ ಸಾಕು. ನಾವು ಹಿಡಿದದ್ದು ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯ ಬೆಟ್ಟನಾಡು. ಇಂಟರ್‌ಲಾಕನ್ ಊರು ಎರಡು ಸರೋವರಗಳ ನಡುವೆ ಇದೆ, ಹೆಸರಿನ ಅರ್ಥವೂ ಅದೇ. ಒಂದು ಕಡೆ ಥೂನ್, ಇನ್ನೊಂದು ಕಡೆ ಬ್ರಿಯೆಂಜ್. ಹಿಂದಿ ಸಿನಿಮಾದವರು ಇಲ್ಲಿ ಎಷ್ಟು ಚಿತ್ರೀಕರಣ ಮಾಡಿದ್ದಾರೆ ಎಂದರೆ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ಊರಿನಲ್ಲಿ ನಿಲ್ಲಿಸಿದ್ದಾರೆ. ನಮ್ಮವರು ಹೆಚ್ಚಾಗಿ ಇಲ್ಲೇ ಉಳಿಯುತ್ತಾರೆ. ಅಂಗಡಿ, ಭಾರತೀಯ ಹೋಟೆಲು, ರೈಲು ಎಲ್ಲ ಅನುಕೂಲ ಇದೆ. ಆದರೆ ಊರು ಕೆಳಗಿದೆ, ಸುಮಾರು 570 ಮೀಟರ್. ಕಿಟಕಿ ತೆಗೆದರೆ ಬೆಟ್ಟ ಮುಖದ ಮುಂದೆ ಇರಬೇಕು ಎಂದರೆ ಇನ್ನೊಂದು ಇಪ್ಪತ್ತು ನಿಮಿಷ ರೈಲಿನಲ್ಲಿ ಒಳಗೆ ಹೋಗಬೇಕು.

ಒಳಗೆ ಹೋದರೆ ಲೌಟರ್‌ಬ್ರುನೆನ್. ಎತ್ತರ ಸುಮಾರು 800 ಮೀಟರ್, ನಮ್ಮ ಮೈಸೂರಿಗಿಂತ ಸ್ವಲ್ಪವೇ ಜಾಸ್ತಿ. ಆದರೆ ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಬಂಡೆ ಎದ್ದು ನಿಂತಿದೆ. ಈ ಕಣಿವೆಯಲ್ಲಿ 72 ಜಲಪಾತಗಳಿವೆ ಎಂದು ಹೇಳುತ್ತಾರೆ. ಊರಿನ ಪಕ್ಕದಲ್ಲೇ ಸ್ಟೌಬ್‌ಬಾಖ್ ಸುಮಾರು 300 ಮೀಟರ್ ಮೇಲಿನಿಂದ ಬೀಳುತ್ತದೆ. ಜೋಗ ನೋಡಿದವರಿಗೆ ನೀರು ಕಡಿಮೆ ಅನ್ನಿಸಬಹುದು. ಅದು ಬೀಳುತ್ತ ಬೀಳುತ್ತ ಗಾಳಿಗೆ ಹೊಗೆಯಾಗಿ ಬಿಡುತ್ತದೆ. ಇಲ್ಲಿಂದ ಪೂರ್ವದ ಬಂಡೆಯ ಮೇಲೆ ವೆಂಗನ್, 1274 ಮೀಟರ್. ಪಶ್ಚಿಮದ ಬಂಡೆಯ ಮೇಲೆ ಮ್ಯೂರನ್, ಸುಮಾರು 1640 ಮೀಟರ್. ಎರಡೂ ಊರಿಗೆ ಕಾರು ಹೋಗುವುದಿಲ್ಲ. ರೈಲು ಅಥವಾ ಕೇಬಲ್ ಕಾರ್ ಮಾತ್ರ. ಇನ್ನೊಂದು ಕಣಿವೆಯಲ್ಲಿ ಗ್ರಿಂಡೆಲ್‌ವಾಲ್ಡ್ ಇದೆ, ದೊಡ್ಡ ಊರು, ರಸ್ತೆ ಇದೆ, ಐಗರ್ ಶಿಖರದ ಬುಡದಲ್ಲೇ ಇದೆ.

ನಾವು ಮೂರನ್ನೂ ತೂಗಿ ನೋಡಿದೆವು. ಮೊಣಕಾಲು ನೋವಿರುವವರು, ಮಗು, ದಿನಸಿ ಹೊತ್ತು ತರಬೇಕಾದವರು ಇರುವ ಮನೆಗೆ ವೆಂಗನ್ ಸರಿ ಅನ್ನಿಸಿತು. ಲೌಟರ್‌ಬ್ರುನೆನ್‌ನಿಂದ ಕಾಲು ಗಂಟೆಯೊಳಗೆ ರೈಲು ಮೇಲೆ ತರುತ್ತದೆ, ಅರ್ಧ ಗಂಟೆಗೊಂದು ಗಾಡಿ. ಊರೊಳಗೇ ಸೂಪರ್ ಮಾರ್ಕೆಟ್ ಇದೆ. ಇನ್ನೂ ಮೇಲೆ ಹೋಗುವ ರೈಲು, ಕೇಬಲ್ ಕಾರ್ ಎರಡೂ ಊರೊಳಗಿಂದಲೇ ಹೊರಡುತ್ತವೆ. ಸಂಜೆ ಆರಕ್ಕೆ ದಿನದ ಪ್ರವಾಸಿಗರು ಇಳಿದು ಹೋದ ಮೇಲೆ ಊರು ಪೂರ್ತಿ ನಿಶ್ಶಬ್ದ. ಜುಲೈನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕು ಇರುತ್ತದೆ. ಕೊನೆಯ ಬಿಸಿಲು ಯುಂಗ್‌ಫ್ರಾವ್ ಶಿಖರದ ಹಿಮದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುವಾಗ ನಾವು ಬಾಲ್ಕನಿಯಲ್ಲಿ ಕೂತು ಅನ್ನ ಸಾರು ಊಟ ಮಾಡುತ್ತಿದ್ದೆವು. ಬಸ್ಸಿನಲ್ಲಿ ಬಂದು ಹೋದವರಿಗೆ ಇದು ಸಿಗುವುದೇ ಇಲ್ಲ. ಮೊದಲ ಸಲ ನಮಗೂ ಸಿಗಲಿಲ್ಲ.

ಒಂದು ಸಣ್ಣ ಎಚ್ಚರಿಕೆ. ಇಂಟರ್‌ಲಾಕನ್‌ನಿಂದ ಹೊರಡುವ ರೈಲು ದಾರಿಯಲ್ಲಿ ಎರಡು ಭಾಗವಾಗುತ್ತದೆ. ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವ ಮುಂಚೆ ಡಬ್ಬಿಯ ಮೇಲಿನ ಹೆಸರು ಓದಿ. ನನ್ನ ಮಗ ಸೂಟ್‌ಕೇಸ್ ಒಂದು ಡಬ್ಬಿಯಲ್ಲಿ ಇಟ್ಟು ನಮ್ಮನ್ನು ಇನ್ನೊಂದರಲ್ಲಿ ಕೂರಿಸಿದ್ದ. ಪಕ್ಕದಲ್ಲಿದ್ದ ಅಲ್ಲಿನ ಹೆಂಗಸೊಬ್ಬರು ನೋಡಿ ಹೇಳಿದ್ದಕ್ಕೆ ಉಳಿದುಕೊಂಡೆವು.

ಮನೆ ವಿಷಯ ಹೇಳುತ್ತೇನೆ. ಅಲ್ಲಿ ಅಡುಗೆಮನೆ ಇರುವ ರಜಾ ಮನೆಗಳು ಬಾಡಿಗೆಗೆ ಸಿಗುತ್ತವೆ. ಬೇಸಿಗೆಯಲ್ಲಿ ಬಹಳ ಕಡೆ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ಹಾಗಾಗಿ ವಿಮಾನದ ಟಿಕೆಟ್ಟಿಗೆ ಮುಂಚೆ ಮನೆ ನೋಡಿ. ಜುಲೈ, ಆಗಸ್ಟ್ ಅವರಿಗೂ ರಜೆಯ ಕಾಲ. ನಾವು ಡಿಸೆಂಬರ್‌ನಲ್ಲೇ ಮನೆ ಹಿಡಿದೆವು, ಆಗಲೂ ಮೊದಲು ನೋಡಿದ ಎರಡು ಮನೆ ಹೋಗಿದ್ದವು. ಬಾಡಿಗೆ ಜಾಸ್ತಿಯೇ. ಫ್ರಾಂಕ್ ಒಂದಕ್ಕೆ ನೂರು ರೂಪಾಯಿ ದಾಟಿದೆ. ಆದರೆ ಐದು ಜನ ಹೋಟೆಲಿನಲ್ಲಿ ಎರಡು ರೂಮು ಹಿಡಿದು ಮೂರು ಹೊತ್ತು ಹೊರಗೆ ತಿನ್ನುವ ಖರ್ಚು ಲೆಕ್ಕ ಹಾಕಿದರೆ ಮನೆಯೇ ಅಗ್ಗ. ಬಾಡಿಗೆಯ ಮೇಲೆ ತಲೆಗೆ ಇಷ್ಟು ಎಂದು ಊರಿನ ತೆರಿಗೆ ಬೇರೆ ಇರುತ್ತದೆ, ಕೊನೆಯ ದಿನದ ಶುಚಿ ಮಾಡುವ ಖರ್ಚೂ ಇರುತ್ತದೆ. ಮೊದಲೇ ಕೇಳಿಕೊಳ್ಳಿ.

ಅಡುಗೆಗೆ ಬೇಕಾದ್ದು ಬಹಳಷ್ಟು ಅಲ್ಲೇ ಸಿಗುತ್ತದೆ. ಮಿಗ್ರೋಸ್, ಕೋಪ್ ಎಂಬ ಎರಡು ದೊಡ್ಡ ಅಂಗಡಿಗಳು ದೇಶದ ತುಂಬಾ ಇವೆ. ಬಾಸ್ಮತಿ ಅಕ್ಕಿ, ಬೇಳೆ, ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಗಟ್ಟಿ ಮೊಸರು ಎಲ್ಲ ಇರುತ್ತದೆ. ಊರಿನ ಅಂಗಡಿ ಸಂಜೆ ಬೇಗ ಮುಚ್ಚುತ್ತದೆ, ದೇಶದಲ್ಲಿ ಹೆಚ್ಚಿನ ಅಂಗಡಿಗಳಿಗೆ ಭಾನುವಾರ ರಜೆ. ಶನಿವಾರವೇ ಹಾಲು ತಂದಿಟ್ಟುಕೊಳ್ಳಿ. ನಾನು ಇಲ್ಲಿಂದ ಒಯ್ದದ್ದು ಸಾರಿನ ಪುಡಿ, ಹುಣಸೆಹಣ್ಣು, ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ, ಗಟ್ಟಿ ಅವಲಕ್ಕಿ, ಹುರಿದ ರವೆ. ತುಪ್ಪ ಒಯ್ಯಬೇಡಿ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ ಎಂದು ಅವರ ನಿಯಮ. ಅದಕ್ಕೆ ಬೇಜಾರೂ ಬೇಡ. ಅಲ್ಲಿನ ಬೆಣ್ಣೆ ಕೊಂಡು ನಾನೇ ಕಾಯಿಸಿದೆ. ಹೊಂಬಣ್ಣದ ತುಪ್ಪ, ಮನೆಯೆಲ್ಲ ಘಮ. ಬೆಟ್ಟದ ಹುಲ್ಲು ತಿಂದ ಹಸುವಿನ ಬೆಣ್ಣೆ ಅದು. ಬಾಲ್ಯದಲ್ಲಿ ತೀರ್ಥಹಳ್ಳಿ ಕಡೆ ಅಜ್ಜಿ ಮನೆಯಲ್ಲಿ ಉಂಡ ತುಪ್ಪದ ನೆನಪು ಬಂತು, ನಿಜ ಹೇಳುತ್ತೇನೆ.

ಕುಕ್ಕರ್ ಮಾತ್ರ ಎಡವಟ್ಟಾಯಿತು. ನಾನು ಒಯ್ದದ್ದು ಅಲ್ಯೂಮಿನಿಯಂ ಕುಕ್ಕರ್. ಆ ಮನೆಯಲ್ಲಿದ್ದದ್ದು ಇಂಡಕ್ಷನ್ ಒಲೆ, ಅದು ಬಿಸಿಯಾಗಲೇ ಇಲ್ಲ. ಒಂಬತ್ತು ದಿನ ಪಾತ್ರೆಯಲ್ಲೇ ಬೇಳೆ ಬೇಯಿಸಿದೆ. ಮನೆ ಹಿಡಿಯುವಾಗ ಒಲೆ ಯಾವುದು ಎಂದು ಕೇಳಿ, ಇಂಡಕ್ಷನ್‌ಗೂ ಆಗುವ ಸ್ಟೀಲ್ ಕುಕ್ಕರ್ ಒಯ್ಯಿರಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹಿಡಿಸುವುದಿಲ್ಲ, ಅಡಾಪ್ಟರ್ ಬೇಕು. ಕುಡಿಯುವ ನೀರು ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು. ಊರಿನ ಬೀದಿಯಲ್ಲಿ ಮರದ ದೋಣಿಯಂಥ ತೊಟ್ಟಿಗೆ ಸುರಿಯುವ ನೀರನ್ನೂ ಕುಡಿಯಬಹುದು, ಕುಡಿಯಬಾರದು ಎಂದು ಬೋರ್ಡ್ ಇಲ್ಲದಿದ್ದರೆ.

ಟಿಕೆಟ್ಟು ತಲೆ ತಿನ್ನುವ ವಿಷಯ. ಎಲ್ಲರೂ ಸ್ವಿಸ್ ಟ್ರಾವೆಲ್ ಪಾಸ್, ಅಂದರೆ ದೇಶದ ತುಂಬಾ ರೈಲು, ಬಸ್ಸು, ದೋಣಿಯಲ್ಲಿ ಓಡಾಡುವ ಒಂದೇ ಟಿಕೆಟ್, ತಗೊಳ್ಳಿ ಎನ್ನುತ್ತಾರೆ. ಊರಿಂದ ಊರಿಗೆ ಓಡಾಡುವವರಿಗೆ ಅದು ಸರಿ. ಆದರೆ ಒಂದೇ ಕಣಿವೆಯಲ್ಲಿ ಇರುವವರಿಗೆ ಜಾಸ್ತಿ ಖರ್ಚು ಬೀಳುವುದು ಬೆಟ್ಟದ ರೈಲಿಗೆ. ಆ ಪಾಸಿನಲ್ಲಿ ವೆಂಗನ್, ಮ್ಯೂರನ್‌ವರೆಗೆ ಪೂರ್ತಿ ಹೋಗಬಹುದು, ಅಲ್ಲಿಂದ ಯುಂಗ್‌ಫ್ರಾಯೋಖ್‌ಗೆ ಕಾಲು ಭಾಗ ಮಾತ್ರ ರಿಯಾಯಿತಿ. ಹಾಫ್ ಫೇರ್ ಕಾರ್ಡ್ ತೆಗೆದರೆ ಒಂದು ತಿಂಗಳು ಬಹುತೇಕ ಎಲ್ಲದಕ್ಕೂ ಅರ್ಧ ದರ, ಆ ಬೆಟ್ಟಕ್ಕೂ ಸೇರಿ. ಇಂಟರ್‌ಲಾಕನ್‌ನಿಂದ ಮೇಲೆ ಹೋಗಿ ಬರಲು ಪೂರ್ತಿ ದರ 200 ಫ್ರಾಂಕ್‌ಗಿಂತ ಜಾಸ್ತಿ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಇದಲ್ಲದೆ ಆ ಭಾಗಕ್ಕೇ ಅಂತ ಮೂರರಿಂದ ಎಂಟು ದಿನದ ಯುಂಗ್‌ಫ್ರಾವ್ ಪಾಸ್ ಇದೆ, ದಿನಾ ಒಂದು ಬೆಟ್ಟ ಹತ್ತುವವರಿಗೆ ಅದು ಒಳ್ಳೆಯದು, ಆದರೆ ಅದರಲ್ಲೂ ಕೊನೆಯ ತುಂಡು, ಐಗರ್ ಹಿಮನದಿ ನಿಲ್ದಾಣದಿಂದ ಮೇಲಕ್ಕೆ, ಬೇರೆ ಟಿಕೆಟ್. ಆರು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ದುಡ್ಡಿಲ್ಲ. ಆರರಿಂದ ಹದಿನೈದರವರಿಗೆ ಅಪ್ಪ ಅಮ್ಮನ ಪಾಸಿನ ಜೊತೆ ಫ್ಯಾಮಿಲಿ ಕಾರ್ಡ್ ಕೇಳಿ, ಪುಕ್ಕಟೆ ಕೊಡುತ್ತಾರೆ. ಒಂದು ಸಂಜೆ ಕೂತು ಕಾಗದದ ಮೇಲೆ ನಿಮ್ಮ ದಿನಗಳನ್ನು ಬರೆದು ಕೂಡಿಸಿ ನೋಡಿ. ನನ್ನ ಸೊಸೆ ಹಾಗೆ ಮಾಡಿದ್ದಕ್ಕೇ ನಮಗೆ ಹಾಫ್ ಫೇರ್ ಸಾಕು ಎಂದು ಗೊತ್ತಾಯಿತು.

ಈಗ ಮೇಲೆ ಹೋಗುವ ದಿನ. ಇದನ್ನು ಮೊದಲೇ ತೀರ್ಮಾನ ಮಾಡಬೇಡಿ. ಒಂಬತ್ತು ದಿನ ಅಲ್ಲೇ ಇರುವುದರ ದೊಡ್ಡ ಲಾಭ ಇದೇ. ಬೆಳಿಗ್ಗೆ ಎದ್ದು ಫೋನಿನಲ್ಲಿ ಮೇಲಿನ ಕ್ಯಾಮೆರಾ ನೋಡಿ, ಎಲ್ಲ ಬೆಟ್ಟಗಳಿಗೂ ನೇರ ಚಿತ್ರ ಇರುತ್ತದೆ. ಮೊದಲ ಮೂರು ದಿನ ನಮಗೆ ಬರೀ ಬೂದು ಬಣ್ಣ ಕಂಡಿತು. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ನೋಡಿದರೆ ಶುಭ್ರ ನೀಲಿ. ಹಿಂದಿನ ರಾತ್ರಿ ಹವಾಮಾನ ನೋಡಿ ಸೀಟು ಕಾದಿರಿಸಿದ್ದೆವು, ಎಂಟರೊಳಗೆ ಹೊರಟೆವು. ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಮೋಡ ಕಟ್ಟಿ ಗುಡುಗು ಮಳೆ ಬರುವುದು ಬೇಸಿಗೆಯಲ್ಲಿ ಸಾಮಾನ್ಯ.

ವೆಂಗನ್‌ನಿಂದ ರೈಲು ಹಲ್ಲಿನ ಹಳಿ ಹಿಡಿದು ಏರುತ್ತದೆ. ಊಟಿ ರೈಲಿನಲ್ಲಿ ಕೂತವರಿಗೆ ಇದು ಪರಿಚಯದ ವಿಷಯ, ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ, ಎಂಜಿನ್ನಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುವುದು. ನಮ್ಮ ನೀಲಗಿರಿ ರೈಲಿನ ಹಳೇ ಉಗಿ ಎಂಜಿನ್‌ಗಳನ್ನು ತಯಾರಿಸಿದ್ದೇ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಲ್ಲಿ. ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು, ಅವರು ಇದನ್ನು ಮೊಮ್ಮಗಳಿಗೆ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಕ್ಲೈನ್ ಶೈಡೆಗ್‌ನಲ್ಲಿ ಗಾಡಿ ಬದಲಿಸಬೇಕು. ಅದರ ಎತ್ತರ 2061 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಅಲ್ಲಿಂದ ಮುಂದೆ ಸುಮಾರು 7 ಕಿ.ಮೀ. ಸುರಂಗ, ಐಗರ್ ಮತ್ತು ಮ್ಯೋಂಖ್ ಬೆಟ್ಟಗಳ ಹೊಟ್ಟೆಯೊಳಗೆ. 1896ರಲ್ಲಿ ಶುರು ಮಾಡಿ 1912ರಲ್ಲಿ ಮುಗಿಸಿದರು. ಯೋಜನೆ ಹಾಕಿದ ಅಡಾಲ್ಫ್ ಗುಯರ್ ಜೆಲ್ಲರ್ 1899ರಲ್ಲೇ ತೀರಿಕೊಂಡರು, ಮೇಲೆ ಹೋದ ರೈಲನ್ನು ಅವರು ನೋಡಲಿಲ್ಲ. ಬಂಡೆ ಒಡೆದವರು ಹೆಚ್ಚಾಗಿ ಇಟಲಿಯಿಂದ ಬಂದ ಕೂಲಿಯವರು, ಅನೇಕರು ಸ್ಫೋಟದಲ್ಲಿ ಸತ್ತರು.

ಅವತ್ತು ಮೇಲೆ ನಿಂತು ನೋಡಿದೆ. ಅಲೆಟ್ಷ್ ಹಿಮನದಿ, ಆಲ್ಪ್ಸ್‌ನಲ್ಲೇ ಉದ್ದದ್ದು, ಸುಮಾರು 20 ಕಿ.ಮೀ. ಅದು ನಮ್ಮ ಕಾಲ ಕೆಳಗಿನಿಂದ ಶುರುವಾಗಿ ದೂರದಲ್ಲಿ ತಿರುಗಿ ಮರೆಯಾಗುತ್ತದೆ. ಅದರ ಮೇಲೆ ಎರಡು ಕಪ್ಪು ಗೆರೆ ರಸ್ತೆಯ ಹಾಗೆ ಉದ್ದಕ್ಕೂ ಹೋಗಿದೆ. ಅವು ಬೆಟ್ಟದಿಂದ ಉದುರಿದ ಕಲ್ಲು, ಹಿಮದ ಜೊತೆ ಸಾಗುತ್ತಿರುವುದು. ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತಿದ್ದೆ, ಇದು ಇಲ್ಲಿದೆ ಎಂದೇ ಗೊತ್ತಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಹಿರಿಯರು ಅಲ್ಲಿ ನಿಧಾನ ನಡೆಯಬೇಕು. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ತಲೆ ಸುತ್ತು, ಸುಸ್ತು ಬರಬಹುದು. ಹೃದಯದ, ಉಸಿರಾಟದ ತೊಂದರೆ ಇರುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಜುಲೈನಲ್ಲೂ ಅಲ್ಲಿ ಹಿಮ ಇರುತ್ತದೆ, ಸ್ವೆಟರ್, ಕಪ್ಪು ಕನ್ನಡಕ, ಜಾರದ ಶೂ ಬೇಕು. 2020ರ ಡಿಸೆಂಬರ್‌ನಿಂದ ಗ್ರಿಂಡೆಲ್‌ವಾಲ್ಡ್ ಕಡೆಯಿಂದ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರ್ 15 ನಿಮಿಷದಲ್ಲಿ ಐಗರ್ ಹಿಮನದಿ ನಿಲ್ದಾಣಕ್ಕೆ ತರುತ್ತದೆ. ಇಳಿಯುವಾಗ ಅದರಲ್ಲಿ ಬನ್ನಿ, ಹತ್ತುವಾಗ ರೈಲೇ ಒಳ್ಳೆಯದು ಎನ್ನುವುದು ನನ್ನ ಅನಿಸಿಕೆ. ಮೈ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಆದರೆ ಸಂಪಾದಕರೇ, ಆ ದುಬಾರಿ ಬೆಟ್ಟಕ್ಕಿಂತ ನಮಗೆ ಇಷ್ಟವಾದದ್ದು ಒಂದು ಕಾಲುದಾರಿ. ವೆಂಗನ್‌ನಿಂದ ಮ್ಯಾನ್ಲಿಖನ್‌ಗೆ ಕೇಬಲ್ ಕಾರ್‌ನಲ್ಲಿ ಹೋಗಿ, ಅಲ್ಲಿಂದ ಕ್ಲೈನ್ ಶೈಡೆಗ್‌ಗೆ ನಡೆದು ಬರುವ ದಾರಿ. ಸುಮಾರು ನಾಲ್ಕೂವರೆ ಕಿ.ಮೀ., ಮೆಲ್ಲಗೆ ಇಳಿಜಾರು, ಹತ್ತುವುದು ಇಲ್ಲವೇ ಇಲ್ಲ ಎನ್ನಬಹುದು. ಒಂದೂವರೆ ಗಂಟೆಯ ದಾರಿ ಎಂದು ಬೋರ್ಡ್ ಹೇಳುತ್ತದೆ, ನಾವು ಮೂರು ಗಂಟೆ ತಗೊಂಡೆವು. ಎದುರಿಗೆ ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಸಾಲಾಗಿ, ಪ್ರತಿ ತಿರುವಿನಲ್ಲೂ ಇನ್ನೂ ಹತ್ತಿರ. 68 ವರ್ಷದ ನಮ್ಮ ಯಜಮಾನರು ಕೋಲು ಹಿಡಿದು ಪೂರ್ತಿ ನಡೆದರು. ಬೆಂಚು ಬಂದಲ್ಲೆಲ್ಲ ಕೂತರು. ಒಂದು ಬೆಂಚಿನಲ್ಲಿ ಚಪಾತಿ ಚಟ್ನಿಪುಡಿ ತಿಂದೆವು. ದನದ ಗಂಟೆ ಕೇಳುತ್ತಿತ್ತು. ಮಲೆನಾಡಿನಲ್ಲಿ ಕಾಡಿಗೆ ಬಿಟ್ಟ ದನಕ್ಕೆ ಮರದ ಗಂಟೆ ಕಟ್ಟುತ್ತಿದ್ದರು, ಅದೇ ಉಪಾಯ, ಮಂಜಿನಲ್ಲಿ ಹಸು ಎಲ್ಲಿದೆ ಎಂದು ತಿಳಿಯಲು.

ಇನ್ನೊಂದು ದಿನ ವಿಲ್ಡರ್ಸ್‌ವಿಲ್‌ನಿಂದ ಶೀನಿಗೆ ಪ್ಲಾಟೆಗೆ ಹಳೇ ರೈಲಿನಲ್ಲಿ ಹೋದೆವು. 1893ರ ಹಳಿ, ಮರದ ಬೆಂಚಿನ ಡಬ್ಬಿಗಳು, ಐವತ್ತು ನಿಮಿಷದ ಏರು. ಮೇಲೆ ಆಲ್ಪ್ಸ್ ಹೂವುಗಳ ತೋಟವೇ ಇದೆ, ನೂರಾರು ಬಗೆಯ ಗಿಡಗಳು, ಪ್ರತಿಯೊಂದಕ್ಕೂ ಹೆಸರಿನ ಫಲಕ. ಎಡೆಲ್‌ವೈಸ್ ಹೂವನ್ನು ಅಲ್ಲಿ ನೋಡಿ, ಹೊರಗೆ ಕಂಡರೂ ಕೀಳಬೇಡಿ. ಮಳೆ ಬಂದ ದಿನ ಟ್ರ್ಯುಮೆಲ್‌ಬಾಖ್‌ಗೆ ಹೋಗಿ. ಬೆಟ್ಟದೊಳಗೆ ಕೊರೆದುಕೊಂಡು ಬೀಳುವ ಹತ್ತು ಜಲಪಾತ, ಮೂರು ಶಿಖರಗಳ ಹಿಮನದಿ ನೀರೆಲ್ಲ ಅಲ್ಲೇ ಇಳಿಯುತ್ತದೆ, ಸೆಕೆಂಡಿಗೆ 20,000 ಲೀಟರ್‌ವರೆಗೆ. ಬಂಡೆಯೇ ನಡುಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಬ್ರಿಯೆಂಜ್ ಸರೋವರದ ದೋಣಿ, ದಡದಲ್ಲಿ ಗೀಸ್‌ಬಾಖ್ ಜಲಪಾತ, ಬಾಲೆನ್‌ಬರ್ಗ್‌ನಲ್ಲಿ ದೇಶದ ಮೂಲೆಮೂಲೆಯಿಂದ ತಂದು ನಿಲ್ಲಿಸಿದ ನೂರಕ್ಕೂ ಹೆಚ್ಚು ಹಳೇ ಮನೆಗಳು. ಇವೆಲ್ಲ ಒಂದೊಂದು ದಿನದ ಮಟ್ಟಿಗೆ ಆರಾಮ. ಎರಡು ದಿನ ನಾವು ಎಲ್ಲೂ ಹೋಗಲಿಲ್ಲ, ಮನೆಯಲ್ಲೇ ಇದ್ದೆವು. ಅದೂ ಬೇಕು.

ನಡೆಯುವವರಿಗೆ ಒಂದು ಮಾತು. ಅಲ್ಲಿ ಹಳದಿ ಫಲಕ ಇದ್ದರೆ ಸಾಮಾನ್ಯ ಕಾಲುದಾರಿ. ಬಿಳಿ ಕೆಂಪು ಬಿಳಿ ಪಟ್ಟಿ ಇದ್ದರೆ ಕಡಿದಾದ ಬೆಟ್ಟದ ದಾರಿ, ಒಳ್ಳೆಯ ಶೂ, ಗಟ್ಟಿ ಕಾಲು ಬೇಕು. ಬಿಳಿ ನೀಲಿ ಬಿಳಿ ಇದ್ದರೆ ಅದು ನಮ್ಮಂಥವರಿಗಲ್ಲ. ದಾರಿ ಮುಚ್ಚಿದೆ ಎಂದು ಬೋರ್ಡ್ ಇದ್ದರೆ ವಾಪಸ್ ಬನ್ನಿ. ಸುಮ್ನೆ ಹಾಕಿರುವುದಿಲ್ಲ. ಬೆಟ್ಟದಲ್ಲಿ ಅಪಾಯವಾದರೆ ರೇಗಾ ಎಂಬ ಹೆಲಿಕಾಪ್ಟರ್ ರಕ್ಷಣಾ ದಳದ ನಂಬರ್ 1414.

ಯಾಕೆ ಇದನ್ನು ಒತ್ತಿ ಹೇಳುತ್ತೇನೆ ಎಂದರೆ ಆ ಬೆಟ್ಟಗಳು ಈಗ ಮೊದಲಿನ ಹಾಗಿಲ್ಲ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳ ಹಿಮದಲ್ಲಿ ಹತ್ತರಲ್ಲಿ ಒಂದು ಪಾಲು ಕರಗಿ ಹೋಯಿತು. 2025ರ ಮೇ 28ರಂದು ಲೋಚೆಂಟಾಲ್ ಕಣಿವೆಯಲ್ಲಿ ಹಿಮನದಿ ಕುಸಿದು ಬ್ಲಾಟೆನ್ ಊರಿನ ಹೆಚ್ಚಿನ ಭಾಗವನ್ನು ಮುಚ್ಚಿಹಾಕಿತು. ನಾವಿದ್ದ ಬೆಟ್ಟಸಾಲಿನ ಆಚೆ ಮಗ್ಗುಲು ಅದು. ಬೆಟ್ಟ ಜರುಗುತ್ತಿದೆ ಎಂದು ಗಮನಿಸಿ ಊರಿನ ಸುಮಾರು 300 ಜನರನ್ನು ಕೆಲವು ದಿನ ಮುಂಚೆಯೇ ಹೊರಗೆ ಕಳಿಸಿದ್ದರು. ಅಷ್ಟಾದರೂ ಒಬ್ಬರ ಜೀವ ಹೋಯಿತು. ಟಿವಿಯಲ್ಲಿ ನೋಡುವಾಗ ನನಗೆ ನಾವು ಅಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನತಿ ನೆನಪಾದರು, ಅವರಿಗೆ ಮೆಸೇಜ್ ಹಾಕಿ ವಿಚಾರಿಸಿದೆವು.

ಅಲ್ಲಿನ ಜನರಿಗೂ ನಮ್ಮಿಂದ ಹೊರೆ ಇದೆ. ಲೌಟರ್‌ಬ್ರುನೆನ್‌ನ ಒಂದೇ ರಸ್ತೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕಾಲಿಡಲು ಜಾಗ ಇರುವುದಿಲ್ಲ. ದಿನಕ್ಕೆ ಬಂದು ಹೋಗುವ ಕಾರುಗಳಿಂದ ಶುಲ್ಕ ತೆಗೆದುಕೊಳ್ಳುವ ಬಗ್ಗೆ ಊರಿನವರು ಚರ್ಚೆ ಮಾಡಿದ್ದಾರೆ. ಬ್ರಿಯೆಂಜ್ ದಡದ ಇಸೆಲ್ಟ್‌ವಾಲ್ಡ್‌ನಲ್ಲಿ ಒಂದು ಸಣ್ಣ ದೋಣಿಕಟ್ಟೆಯ ಮೇಲೆ ನಿಂತು ಫೋಟೋ ತೆಗೆಯಲು ಬಂದ ಜನ ಜಾಸ್ತಿಯಾಗಿ 5 ಫ್ರಾಂಕ್ ಇಟ್ಟು ಗೇಟು ಹಾಕಿದ್ದಾರೆ. ಹುಲ್ಲಿನ ಮೇಲೆ ಹರಡಿ ಕೂರುವುದು, ಸೀರೆ ಹಾರಿಸಿಕೊಂಡು ಓಡುವುದು ಬೇಡ. ಅದು ಪಾರ್ಕ್ ಅಲ್ಲ, ಚಳಿಗಾಲಕ್ಕೆ ದನಕ್ಕೆ ಕೂಡಿಡುವ ಮೇವು. ಕಡಿದಾದ ಇಳಿಜಾರಿನಲ್ಲಿ ಅಪ್ಪ ಅಮ್ಮ ಮಕ್ಕಳು ಸೇರಿ ಹುಲ್ಲು ಕೊಯ್ದು, ಹರವಿ, ಒಣಗಿಸಿ ಒಟ್ಟುತ್ತಾರೆ. ನಮ್ಮ ಕಡೆ ಬ್ಯಾಣದಲ್ಲಿ ಕರಡ ಕೊಯ್ಯುವವರಿಗೆ ಆ ಕಷ್ಟ ಗೊತ್ತು. ಅದನ್ನು ತುಳಿದರೆ ಅವರಿಗೆ ಹೇಗಾಗಬೇಡ? ಒಂದು ವಾರ ಇದ್ದು, ಊರಿನ ಅಂಗಡಿಯಲ್ಲಿ ಕೊಂಡು, ಎದುರು ಬಂದವರಿಗೆ ಗ್ರ್ಯುಸ್ಸೆಖ್ ಎಂದು ನಮಸ್ಕಾರ ಹೇಳಿದರೆ ಅವರೂ ಮನೆಯವರ ಹಾಗೆ ಮಾತಾಡುತ್ತಾರೆ. ನಮಗೆ ಮೂರನೇ ದಿನಕ್ಕೇ ಬೇಕರಿಯವರು ಮೊಮ್ಮಗಳ ಹೆಸರು ಹಿಡಿದು ಕರೆಯುತ್ತಿದ್ದರು.

ವೀಸಾ ವಿಷಯ ಒಂದೇ ಮಾತು. ಸ್ವಿಟ್ಜರ್ಲೆಂಡಿಗೆ ಬೇಕಾದದ್ದು ಷೆಂಗೆನ್ ವೀಸಾ, ಯುರೋಪಿನ ಬಹಳಷ್ಟು ದೇಶಗಳಿಗೆ ಅದೊಂದೇ, ಅದಕ್ಕೆ ಆರು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಫೆಬ್ರವರಿ, ಮಾರ್ಚ್‌ನಲ್ಲೇ ಸಮಯ ಹಿಡಿಯಿರಿ. ಶುಲ್ಕ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದರಲ್ಲಿ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ತರುವ ಖರ್ಚೂ ಸೇರಿದೆಯೇ ಎಂದು ಓದಿ ನೋಡಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಪ್ರವಾಸದ ಪುಟದಲ್ಲಿ ಆಲ್ಪ್ಸ್ ಬಗ್ಗೆ ಬರೆಸುವಾಗ ಚಿತ್ರ ಯಾವ ತಿಂಗಳಿನದು ಎಂದು ಕೆಳಗೆ ಹಾಕಿ. ಯಾವ ರೈಲು, ಯಾವ ದಾರಿ ಯಾವಾಗ ತೆರೆಯುತ್ತದೆ ಎಂದು ಜನವರಿಯಲ್ಲೇ ಒಂದು ಸಲ ಬರೆಸಿ, ಜನ ದುಡ್ಡು ಕಟ್ಟುವ ಮುಂಚೆ. ನಮ್ಮ ಪಕ್ಕದ ಮನೆಯವರು ಮೇ 2ಕ್ಕೆ ಹೊರಡುವ ಪ್ಯಾಕೇಜಿಗೆ ಮುಂಗಡ ಕಟ್ಟಲು ಹೊರಟಿದ್ದರು. ಕೂರಿಸಿಕೊಂಡು ಎರಡು ಗಂಟೆ ಮಾತಾಡಿದೆ, ನಮ್ಮ ಎರಡೂ ಸಲದ ಫೋಟೋ ತೋರಿಸಿದೆ. ಈಗ ದಸರಾ ರಜೆಗೆ ವೆಂಗನ್‌ನಲ್ಲಿ ಮನೆ ನೋಡುತ್ತಿದ್ದಾರೆ. ಹೊಸ ಸ್ಟೀಲ್ ಕುಕ್ಕರ್ ತಂದಿಟ್ಟಿದ್ದೇನೆ, ಅವರಿಗೆ ಕೊಟ್ಟು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬರು,
ಕುವೆಂಪುನಗರ, ಮೈಸೂರು